ಗಾದಂಕಿಯ ಎಂಎಸ್‌ಟಿ ರೇಡಾರ್: ಮೇಲಾಕಾಶದ ಅಧ್ಯಯನಕ್ಕೆ ಮೂರು ದಶಕ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು, ಚಿತ್ತೂರಿನ ಮೇಲೆ ತಿರುಪತಿಗೆ ಹೋಗುವ ನಮ್ಮ ಯಾತ್ರಿಕರಲ್ಲಿ ಹೆಚ್ಚಿನವರಿಗೆ ಗಾದಂಕಿ ಎಂದರೆ ಟೋಲ್ ಗೇಟಿನ ಹೆಸರು. ಚಂದ್ರಗಿರಿಗೆ ಮುಂಚೆ ಸಿಗುವ ಈ ಊರಿನ ಸುತ್ತ ಗುಡ್ಡಗಳು. ಆ ಗುಡ್ಡಗಳ ನಡುವಿನ ತಗ್ಗಿನಲ್ಲಿ 1,024 ಆಂಟೆನಾಗಳು ಸಾಲುಸಾಲಾಗಿ ಆಕಾಶಕ್ಕೆ ಮುಖಮಾಡಿ ನಿಂತಿವೆ. ಭಾರತದ ಎಂಎಸ್‌ಟಿ ರೇಡಾರ್ ಇದೇ. ಮೋಡಗಳ ಕೆಳಗಿನ ಗಾಳಿಯಿಂದ ಹಿಡಿದು ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದವರೆಗೆ ನಡೆಯುವ ಏರುಪೇರುಗಳನ್ನು ರೇಡಿಯೋ ಅಲೆಗಳ ಮೂಲಕ ಅಳೆಯಲು ಕಟ್ಟಿದ ಉಪಕರಣ. ಈ ಬಗೆಯ ರೇಡಾರ್‌ಗಳಲ್ಲಿ ಜಗತ್ತಿನ ದೊಡ್ಡವುಗಳ ಸಾಲಿಗೆ ಸೇರುತ್ತದೆ. 1992ರಲ್ಲಿ ರಾಷ್ಟ್ರೀಯ ಎಂಎಸ್‌ಟಿ ರೇಡಾರ್ ಕೇಂದ್ರವೆಂದು ಶುರುವಾದ ಈ ಸಂಸ್ಥೆ ಇಂದು ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ, ಅಂದರೆ ಎನ್‌ಎಆರ್‌ಎಲ್. ನಮ್ಮ ಗಡಿಯಾಚೆ ಇಷ್ಟು ಹತ್ತಿರದಲ್ಲಿ ಮೂರು ದಶಕಗಳಿಂದ ನಡೆದುಬಂದ ಈ ಕೆಲಸದ ಕಥೆ ಕನ್ನಡದಲ್ಲಿ ದಾಖಲಾಗಬೇಕೆಂಬುದು ಈ ಲೇಖನದ ಆಸೆ.

ಹಿನ್ನೆಲೆ

ಮೇಲಾಕಾಶವನ್ನು ರೇಡಿಯೋದಿಂದ ಅರಿಯುವ ವಿದ್ಯೆಗೆ ನೂರು ವರ್ಷ ದಾಟಿದೆ. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದಾಗ ಎದ್ದ ಪ್ರಶ್ನೆ ಒಂದೇ: ನೇರವಾಗಿ ಸಾಗುವ ರೇಡಿಯೋ ಅಲೆ ಭೂಮಿಯ ಉಬ್ಬನ್ನು ದಾಟಿದ್ದು ಹೇಗೆ? ಮೇಲೆಲ್ಲೋ ವಿದ್ಯುತ್ ಹರಿಯಬಲ್ಲ ಪದರವೊಂದಿದ್ದು, ಅದು ಅಲೆಯನ್ನು ಕೆಳಕ್ಕೆ ತಿರುಗಿಸುತ್ತಿರಬೇಕು ಎಂದು 1902ರಲ್ಲಿ ಅಮೆರಿಕದ ಕೆನೆಲಿ, ಇಂಗ್ಲೆಂಡಿನ ಹೆವಿಸೈಡ್ ಬೇರೆಬೇರೆಯಾಗಿ ಸೂಚಿಸಿದರು. ಇಂದು ಅಯಾನುಗೋಳ ಎಂದು ಕರೆಯುವ ಆ ಪದರ ಇದೆ ಎಂದು 1924ರಲ್ಲಿ ಪ್ರಯೋಗದಿಂದ ತೋರಿಸಿದವರು ಆಪಲ್‌ಟನ್ ಮತ್ತು ಬಾರ್ನೆಟ್. ಮರುವರ್ಷ ಬ್ರೈಟ್ ಮತ್ತು ಟ್ಯೂವ್ ಚಿಕ್ಕಚಿಕ್ಕ ರೇಡಿಯೋ ಮಿಡಿತಗಳನ್ನು ಮೇಲಕ್ಕೆ ಕಳಿಸಿ, ಅವು ಮರಳಿ ಬರಲು ಹಿಡಿದ ಸಮಯದಿಂದ ಪದರದ ಎತ್ತರವನ್ನು ಲೆಕ್ಕ ಹಾಕಿದರು. ಗಾದಂಕಿಯಲ್ಲಿ ಇಂದು ನಡೆಯುವ ಕೆಲಸದ ಮೂಲತತ್ತ್ವವೂ ಇದೇ.

ಭಾರತ ಈ ಕ್ಷೇತ್ರಕ್ಕೆ ತಡವಾಗಿ ಬರಲಿಲ್ಲ. ಕಲ್ಕತ್ತದಲ್ಲಿ ಶಿಶಿರ್ ಕುಮಾರ್ ಮಿತ್ರ ಅವರು ರೇಡಿಯೋ ಸಂಶೋಧನೆಯ ಪರಂಪರೆಯನ್ನೇ ಕಟ್ಟಿದರು. ಮೇಲಿನ ವಾಯುಮಂಡಲದ ಬಗ್ಗೆ ಅವರು 1947ರಲ್ಲಿ ಹೊರತಂದ ಬೃಹದ್ಗ್ರಂಥವನ್ನು ಜಗತ್ತಿನ ವಿಜ್ಞಾನಿಗಳು ಆಕರವಾಗಿ ಬಳಸಿದರು. ಅದೇ ವರ್ಷ ವಿಕ್ರಮ್ ಸಾರಾಭಾಯ್ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಅದರ ಮೊದಲ ನಿರ್ದೇಶಕರು ಕೆ. ಆರ್. ರಾಮನಾಥನ್. ಕೊಡೈಕನಾಲ್ ವೀಕ್ಷಣಾಲಯ 1957–58ರ ಅಂತಾರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಅಯಾನುಗೋಳವನ್ನು ರೇಡಿಯೋ ಮಿಡಿತಗಳಿಂದ ಅಳೆಯುತ್ತಿತ್ತು. 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ, ಮುಂದೆ ಬೆಂಗಳೂರನ್ನು ಕೇಂದ್ರ ಮಾಡಿಕೊಂಡ ಭಾರತೀಯ ಖಭೌತ ಸಂಸ್ಥೆ ಹುಟ್ಟಿದ್ದು ಆ ವೀಕ್ಷಣಾಲಯದಿಂದಲೇ.

ಈ ಸಂಶೋಧಕರ ಗಮನ ದಕ್ಷಿಣದ ಕಡೆಗೆ ಹರಿದದ್ದಕ್ಕೆ ಕಾರಣವಿದೆ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಜಾಗಗಳನ್ನು ಸೇರಿಸಿದರೆ ಸಿಗುವ ಗೆರೆಯೇ ಕಾಂತೀಯ ಸಮಭಾಜಕ. ಭಾರತದಲ್ಲಿ ಅದು ತಿರುವನಂತಪುರದ ಬಳಿ ಹಾಯುತ್ತದೆ. 1963ರ ನವೆಂಬರ್ 21ರಂದು ದೇಶದ ಮೊದಲ ಸಂಶೋಧನಾ ರಾಕೆಟ್ಟನ್ನು ತುಂಬಾದಿಂದ ಹಾರಿಸಿದ್ದಕ್ಕೂ ಇದೇ ಕಾರಣ. ಹಗಲಿನಲ್ಲಿ ಈ ಗೆರೆಯ ಮೇಲಿನ ಅಯಾನುಗೋಳ ವಿದ್ಯುತ್ ಕ್ಷೇತ್ರದ ಒತ್ತಡಕ್ಕೆ ಮೇಲೇರುತ್ತದೆ. ಆಮೇಲೆ ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಇಳಿಯುತ್ತದೆ. ಹೀಗಾಗಿ ಎಲೆಕ್ಟ್ರಾನುಗಳ ದಟ್ಟಣೆ ಹೆಚ್ಚಾಗಿರುವುದು ಸಮಭಾಜಕದ ನೆತ್ತಿಯಲ್ಲಲ್ಲ, ಅದರ ಎರಡೂ ಬದಿಯಲ್ಲಿ. ಆಪಲ್‌ಟನ್ ವೈಪರೀತ್ಯ ಎಂದು ಹೆಸರಾದ ಈ ಏರ್ಪಾಡಿನ ಉತ್ತರದ ಶಿಖರ ಅಹಮದಾಬಾದ್, ಭೋಪಾಲ್, ಕೋಲ್ಕತ್ತಗಳ ಆಸುಪಾಸಿನಲ್ಲಿ ಬರುತ್ತದೆ. ಕರ್ನಾಟಕ ಪೂರ್ತಿಯಾಗಿ ಆ ಗೆರೆಗೂ ಈ ಶಿಖರಕ್ಕೂ ನಡುವೆ ಇದೆ. ಜಗತ್ತಿನ ಅಯಾನುಗೋಳದಲ್ಲಿ ಅತಿ ಹೆಚ್ಚು ಏರುಪೇರು ಕಾಣುವ ವಲಯಗಳಲ್ಲಿ ನಮ್ಮ ನೆತ್ತಿಯ ಮೇಲಿನದೂ ಒಂದು. ಯುರೋಪಿನ ಆಕಾಶ ಅಳೆದು ಬರೆದ ಸೂತ್ರಗಳು ಇಲ್ಲಿಗೆ ಸಾಲುವುದಿಲ್ಲ. ನಮ್ಮ ಆಕಾಶವನ್ನು ನಾವೇ ಅಳೆಯಬೇಕು.

ರೇಡಾರ್ ಕಟ್ಟುವ ನಿರ್ಧಾರ

ಈ ಬಗೆಯ ರೇಡಾರಿನ ತಾಯಿಬೇರು ಪೆರು ದೇಶದಲ್ಲಿದೆ. ಲಿಮಾ ನಗರದ ಹತ್ತಿರ, ಕಾಂತೀಯ ಸಮಭಾಜಕದ ಮೇಲೇ ಇರುವ ಹಿಕಾಮಾರ್ಕ ವೀಕ್ಷಣಾಲಯವನ್ನು 1960ರ ದಶಕದ ಆರಂಭದಲ್ಲಿ ಅಯಾನುಗೋಳದ ಅಧ್ಯಯನಕ್ಕೆಂದು ಕಟ್ಟಿದ್ದರು. 1974ರಲ್ಲಿ ವುಡ್‌ಮನ್ ಮತ್ತು ಗಿಯೆನ್ ಅದೇ ರೇಡಾರಿನಿಂದ ಇನ್ನೂ ಕೆಳಗಿನ ಗಾಳಿಯ ಚಲನೆಯನ್ನೂ ಅಳೆಯಬಹುದೆಂದು ತೋರಿಸಿದರು. ಗಾಳಿಯಲ್ಲಿನ ತೀರ ಸಣ್ಣ ಕಲಕುಗಳೂ ರೇಡಿಯೋ ಅಲೆಯ ಒಂದು ಅಂಶವನ್ನು ಹಿಂದಕ್ಕೆ ಚದುರಿಸುತ್ತವೆ. ಹಾಗೆ ಮರಳಿದ ಅಲೆಯ ಕಂಪನಾಂಕ ಎಷ್ಟು ಬದಲಾಗಿದೆ ಎಂದು ನೋಡಿದರೆ ಗಾಳಿಯ ವೇಗ ಸಿಗುತ್ತದೆ. ಮೀಸೋಸ್ಫಿಯರ್, ಸ್ಟ್ರಾಟೋಸ್ಫಿಯರ್, ಟ್ರೋಪೋಸ್ಫಿಯರ್ ಎಂಬ ಮೂರು ಪದರಗಳ ಮೊದಲಕ್ಷರಗಳೇ ಎಂಎಸ್‌ಟಿ.

ಭಾರತದಲ್ಲಿ 1982ರಿಂದ 1989ರವರೆಗೆ ನಡೆದ ಮಧ್ಯ ವಾಯುಮಂಡಲ ಕಾರ್ಯಕ್ರಮದ ಕಾಲದಲ್ಲಿ ಇಂಥ ರೇಡಾರ್ ನಮಗೂ ಬೇಕೆಂಬ ವಿಚಾರ ಗಟ್ಟಿಯಾಯಿತು. ರಾಕೆಟ್ ಮತ್ತು ಬಲೂನುಗಳು ಹಾರಿದ ಗಳಿಗೆಯ ಸ್ಥಿತಿಯನ್ನಷ್ಟೇ ತಿಳಿಸುತ್ತವೆ. ಗಂಟೆಗಟ್ಟಲೆ, ದಿನಗಟ್ಟಲೆ, ವರ್ಷಗಟ್ಟಲೆ ಒಂದೇ ಜಾಗದ ಮೇಲಣ ಆಕಾಶವನ್ನು ನೋಡಲು ನೆಲದ ಮೇಲಿನ ರೇಡಾರ್ ಬೇಕಿತ್ತು. ಖರ್ಚು ಒಂದು ಇಲಾಖೆಗೆ ಹೊರುವಂಥದ್ದಲ್ಲ. ಹಾಗಾಗಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ರಕ್ಷಣಾ ಸಂಶೋಧನಾ ಸಂಸ್ಥೆ, ಎಲೆಕ್ಟ್ರಾನಿಕ್ಸ್ ಇಲಾಖೆ, ಪರಿಸರ ಇಲಾಖೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಬಾಹ್ಯಾಕಾಶ ಇಲಾಖೆ, ಈ ಆರೂ ಕೈಜೋಡಿಸಿದವು. ಮುಂದಾಳತ್ವ ಬಾಹ್ಯಾಕಾಶ ಇಲಾಖೆಯದು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು 1984ರಿಂದ 1994ರವರೆಗೆ ಇಸ್ರೊ ಅಧ್ಯಕ್ಷರಾಗಿದ್ದರು. ರೇಡಾರ್ ತಲೆಯೆತ್ತಿದ್ದು ಆ ಅವಧಿಯಲ್ಲಿ.

ಸಿದ್ಧ ಯಂತ್ರವನ್ನು ಹೊರದೇಶದಿಂದ ತರಿಸಿ ನಿಲ್ಲಿಸುವ ದಾರಿಯನ್ನು ಈ ಇಲಾಖೆಗಳು ಹಿಡಿಯಲಿಲ್ಲ. ವಿನ್ಯಾಸ ಮತ್ತು ನಿರ್ಮಾಣದ ಹೊಣೆಯನ್ನು ಮುಂಬೈಯ ‘ಸಮೀರ್’ ಸಂಸ್ಥೆ ಹೊತ್ತಿತು. ವಿಜ್ಞಾನದ ಕಡೆಯಿಂದ ಕೆಲಸವನ್ನು ಮುನ್ನಡೆಸಿದವರಲ್ಲಿ ಪಿ. ಬಿ. ರಾವ್ ಪ್ರಮುಖರು. ಸುತ್ತಲಿನ ಗುಡ್ಡಗಳು ಹೊರಗಿನ ರೇಡಿಯೋ ಗದ್ದಲವನ್ನು ತಡೆಯುತ್ತವೆ, ತಿರುಪತಿಯ ವಿಶ್ವವಿದ್ಯಾಲಯವೂ ಹತ್ತಿರ. ಹೀಗೆ ಗಾದಂಕಿಯ ನೆಲ ಈ ಕೆಲಸಕ್ಕೆ ಒಪ್ಪುವಂತಿತ್ತು. ಮೊದಲು ಕೆಳಗಿನ ಎರಡು ಪದರಗಳನ್ನು ನೋಡುವಷ್ಟು ಶಕ್ತಿಯಲ್ಲಿ ಕೆಲಸ ಶುರುವಾಯಿತು. 1990ರ ದಶಕದ ಮೊದಲ ವರ್ಷಗಳಲ್ಲೇ ರೇಡಾರ್ ತನ್ನ ಪೂರ್ಣ ಶಕ್ತಿಗೆ ಬಂತು.

ಯಂತ್ರದ ಒಳಗೆ

ಈ ರೇಡಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದ 130 ಮೀಟರ್, ಅಗಲ 130 ಮೀಟರ್ ಜಾಗದಲ್ಲಿ 32 ಸಾಲು, ಪ್ರತಿ ಸಾಲಿಗೆ 32 ಆಂಟೆನಾ. ಪ್ರತಿಯೊಂದೂ ಮೂರು ಕಡ್ಡಿಗಳ ಯಾಗಿ ಆಂಟೆನಾ. ಹಿಂದೆ ನಮ್ಮ ಮನೆಗಳ ಮೇಲೆ ದೂರದರ್ಶನಕ್ಕೆಂದು ನಿಲ್ಲಿಸುತ್ತಿದ್ದ ಆಂಟೆನಾಗಳ ಜಾತಿಯದೇ. ವ್ಯತ್ಯಾಸವೆಂದರೆ ಇಲ್ಲಿ ಅವು ನೇರ ಮೇಲಕ್ಕೆ ಮುಖ ಮಾಡಿವೆ. ಕಂಪನಾಂಕ 53 ಮೆಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 5.66 ಮೀಟರ್.

ಮೊದಲ ವಿನ್ಯಾಸದಲ್ಲಿ ಒಂದೊಂದು ಸಾಲಿಗೆ ಒಂದೊಂದರಂತೆ 32 ಪ್ರಸಾರಕಗಳಿದ್ದವು. ಅವುಗಳ ಶಕ್ತಿ ಒಂದೇ ಸಮನಾಗಿರಲಿಲ್ಲ. ನಡುವಿನ ಸಾಲುಗಳಿಗೆ 120 ಕಿಲೋವ್ಯಾಟ್, ಅಂಚಿಗೆ ಹೋದಂತೆ ಇಳಿಯುತ್ತ 20 ಕಿಲೋವ್ಯಾಟ್. ಇದರಲ್ಲಿ ಒಂದು ಲೆಕ್ಕಾಚಾರವಿದೆ. ಎಲ್ಲ ಸಾಲುಗಳಿಗೂ ಸಮ ಶಕ್ತಿ ಕೊಟ್ಟರೆ ಮುಖ್ಯ ಕಿರಣದ ಜೊತೆಗೆ ಅಕ್ಕಪಕ್ಕಕ್ಕೂ ಬಲವಾದ ಉಪಕಿರಣಗಳು ಹರಡುತ್ತವೆ. ಗುಡ್ಡಕ್ಕೋ ವಿಮಾನಕ್ಕೋ ತಾಗಿ ಮರಳಿದ ಅಲೆ ಮೇಲಿನಿಂದ ಬಂದ ಅಲೆಯೊಡನೆ ಬೆರೆತು ಅಳತೆಯನ್ನು ಕೆಡಿಸುತ್ತದೆ. ಅಂಚಿನಲ್ಲಿ ಶಕ್ತಿ ಇಳಿಸಿದರೆ ಉಪಕಿರಣಗಳು ಕುಗ್ಗುತ್ತವೆ. ಎಲ್ಲ ಸೇರಿ ಗರಿಷ್ಠ ಶಕ್ತಿ 2.5 ಮೆಗಾವ್ಯಾಟ್. ಕಿರಣದ ಅಗಲ ಬರೀ 3 ಡಿಗ್ರಿ.

ಆಂಟೆನಾಗಳು ಕದಲುವುದಿಲ್ಲ. ಸಾಲಿನಿಂದ ಸಾಲಿಗೆ ಅಲೆಯ ಹೊರಡುವಿಕೆಯನ್ನು ಅತ್ಯಲ್ಪ ಹೊತ್ತು ಹಿಂದುಮುಂದು ಮಾಡಿದರೆ ಕಿರಣ ತಾನಾಗಿ ಬಾಗುತ್ತದೆ. ನೇರ ಮೇಲಕ್ಕೆ, ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಹೀಗೆ ಒಂದಾದ ಮೇಲೊಂದರಂತೆ ಕಿರಣ ತಿರುಗಿಸಿ ಅಳೆದರೆ ಗಾಳಿ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಬೀಸುತ್ತಿದೆ, ಮೇಲಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಲ್ಲವೂ ತಿಳಿಯುತ್ತದೆ. ಕಳಿಸುವ ಮಿಡಿತ ಚಿಕ್ಕದಾದಷ್ಟೂ ವಿವರ ಹೆಚ್ಚು, ಆದರೆ ಶಕ್ತಿ ಕಡಿಮೆ. ಎರಡನ್ನೂ ಉಳಿಸಿಕೊಳ್ಳಲು 16 ಮೈಕ್ರೋಸೆಕೆಂಡಿನ ಮಿಡಿತವೊಂದನ್ನು 16 ತುಂಡುಗಳ ಸಂಕೇತವಾಗಿ ಹೆಣೆಯುತ್ತಾರೆ. ಮರಳಿದ ಅಲೆಯಲ್ಲಿ ಆ ಸಂಕೇತವನ್ನು ಬಿಡಿಸಿದಾಗ 150 ಮೀಟರ್ ಎತ್ತರಕ್ಕೊಂದರಂತೆ ಅಳತೆ ದಕ್ಕುತ್ತದೆ. 300 ಕಿಲೋಮೀಟರ್ ಎತ್ತರದಿಂದ ಅಲೆ ಮರಳಲು ಬೇಕಾದ ಸಮಯ ಒಂದು ಸೆಕೆಂಡಿನ ಸಾವಿರದಲ್ಲಿ 2 ಪಾಲು ಮಾತ್ರ. ಮರಳಿ ಬರುವ ಶಕ್ತಿ ಅತ್ಯಂತ ಕ್ಷೀಣ. ಮಿಡಿತದ ಮೇಲೆ ಮಿಡಿತ ಕಳಿಸಿ, ಬಂದದ್ದನ್ನೆಲ್ಲ ಕೂಡಿಸಿ, ಗದ್ದಲದಿಂದ ನಿಜವಾದ ಸಂಕೇತವನ್ನು ಬೇರ್ಪಡಿಸಬೇಕು.

ಸೂರ್ಯ ಮುಳುಗಿದ ಮೇಲೆ

ಅಯಾನುಗೋಳದ ಅಧ್ಯಯನದಲ್ಲಿ ಗಾದಂಕಿಗೆ ಹೆಸರು ತಂದ ಕೆಲಸ ‘ಸ್ಪ್ರೆಡ್ ಎಫ್’ ಕುರಿತಾದದ್ದು. 1938ರಲ್ಲಿ ಬುಕರ್ ಮತ್ತು ವೆಲ್ಸ್ ಪೆರುವಿನ ಹುವಾಂಕಾಯೊದಲ್ಲಿ ಇದನ್ನು ಮೊದಲು ವರದಿ ಮಾಡಿದರು. ಅಯಾನುಗೋಳದ ಎಫ್ ಪದರದಿಂದ ಸ್ಪಷ್ಟ ಗೆರೆಯಾಗಿ ಬರಬೇಕಾದ ಮಾರ್ದನಿ ಕೆಲವು ರಾತ್ರಿ ಹರಡಿ ಮಸುಕಾಗುತ್ತಿತ್ತು. ಅದಕ್ಕೆ ಕಾರಣ ತಿಳಿಯಲು ದಶಕಗಳೇ ಹಿಡಿದವು.

ಸೂರ್ಯ ಮುಳುಗಿದೊಡನೆ ಎಫ್ ಪದರದ ಕೆಳಭಾಗದ ಎಲೆಕ್ಟ್ರಾನುಗಳು ಬೇಗ ಅಯಾನುಗಳೊಡನೆ ಸೇರಿ ಇಲ್ಲವಾಗುತ್ತವೆ. ಅದೇ ಹೊತ್ತಿಗೆ ಪೂರ್ವಾಭಿಮುಖವಾದ ವಿದ್ಯುತ್ ಕ್ಷೇತ್ರ ಸ್ವಲ್ಪ ಕಾಲ ಬಲಗೊಂಡು ಇಡೀ ಪದರವನ್ನು ಮೇಲಕ್ಕೆತ್ತುತ್ತದೆ. ಮೇಲೆ ದಟ್ಟವಾದ ಪ್ಲಾಸ್ಮಾ (ಅಯಾನು ಮತ್ತು ಎಲೆಕ್ಟ್ರಾನುಗಳ ಮಿಶ್ರಣ), ಕೆಳಗೆ ತೆಳುವಾದದ್ದು. ಈ ಸ್ಥಿತಿ ನಿಲ್ಲುವಂಥದ್ದಲ್ಲ. ಒಂದು ಸಣ್ಣ ಅಲುಗಾಟ ಸಾಕು, ಕೆಳಗಿನ ತೆಳು ಪ್ಲಾಸ್ಮಾ ಕೆರೆಯ ತಳದಿಂದ ಏಳುವ ಗುಳ್ಳೆಯ ಹಾಗೆ ದಟ್ಟ ಪದರವನ್ನು ಸೀಳಿಕೊಂಡು ಮೇಲೇರುತ್ತದೆ. ಏರುತ್ತ ಒಡೆದು, ಕಿಲೋಮೀಟರುಗಳಿಂದ ಹಿಡಿದು ಕೆಲವೇ ಮೀಟರುಗಳವರೆಗಿನ ಬಗೆಬಗೆಯ ಗಾತ್ರದ ಕಲಕುಗಳನ್ನು ಹುಟ್ಟಿಸುತ್ತದೆ. 1976ರಲ್ಲಿ ವುಡ್‌ಮನ್ ಮತ್ತು ಲಾ ಹೋಜ್ ಹಿಕಾಮಾರ್ಕದಲ್ಲಿ ಇದನ್ನು ಚಿತ್ರವಾಗಿ ತೋರಿಸಿದರು. ಹೊಗೆಯ ಸುಳಿಯ ರೂಪದ ಆ ಆಕೃತಿಗಳಿಗೆ ‘ಪ್ಲೂಮ್’ ಎಂದು ಹೆಸರಾಯಿತು.

ಗಾದಂಕಿಯ ರೇಡಾರಿಗೆ ಕಾಣುವುದು ತನ್ನ ಅಲೆಯ ಅರ್ಧ ಉದ್ದದ, ಅಂದರೆ ಸುಮಾರು 2.8 ಮೀಟರ್ ಗಾತ್ರದ ಕಲಕುಗಳು. ಅವು ಕಾಂತರೇಖೆಗಳ ಗುಂಟ ಉದ್ದಕ್ಕೆ ಚಾಚಿಕೊಂಡಿರುತ್ತವೆ. ಕಿರಣ ಆ ರೇಖೆಗೆ ಲಂಬವಾಗಿ ತಾಗಿದರೆ ಮಾತ್ರ ಅಲೆ ಹಿಂದಿರುಗುತ್ತದೆ. ಹಿಕಾಮಾರ್ಕದಲ್ಲಿ ಕಿರಣ ಬಹುತೇಕ ನೇರ ಮೇಲಕ್ಕಿದ್ದರೂ ಸಾಕು. ಗಾದಂಕಿ ಕಾಂತೀಯ ಸಮಭಾಜಕದಿಂದ ಉತ್ತರಕ್ಕೆ ಸರಿದಿರುವುದರಿಂದ ಇಲ್ಲಿ ಕಾಂತರೇಖೆ ಓರೆಯಾಗಿದೆ. ಆದ್ದರಿಂದ ಅಯಾನುಗೋಳವನ್ನು ನೋಡುವಾಗ ಕಿರಣವನ್ನು ಉತ್ತರಕ್ಕೆ ಸುಮಾರು 14 ಡಿಗ್ರಿ ಬಾಗಿಸುತ್ತಾರೆ. ಸಂಜೆ ಕಳೆದು ಕತ್ತಲಾದ ಮೇಲೆ ಪರದೆಯ ಮೇಲೆ ಎತ್ತರ ಮತ್ತು ಸಮಯದ ನಕ್ಷೆ ತುಂಬತೊಡಗುತ್ತದೆ. ಮೊದಲು ಪದರದ ಬುಡದಲ್ಲಿ ತೆಳ್ಳನೆಯ ಪಟ್ಟಿ. ಎಲ್ಲ ಸಂಜೆಯೂ ಅದು ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಕೆಲವು ರಾತ್ರಿ ಅದೇ ಪಟ್ಟಿಯಿಂದ ಪ್ಲೂಮುಗಳು ನೂರಾರು ಕಿಲೋಮೀಟರ್ ಮೇಲಕ್ಕೆ ಹರಿಯುತ್ತವೆ. ಒಂದು ರಾತ್ರಿ ಏಳುವುದು, ಮರುರಾತ್ರಿ ಏಳದಿರುವುದು ಯಾಕೆ ಎಂಬುದು ಈ ಕ್ಷೇತ್ರದ ಬಲು ಕಠಿಣ ಪ್ರಶ್ನೆ. ಗಾದಂಕಿಯ ವೀಕ್ಷಣೆಗಳು ವಿಷುವತ್ ತಿಂಗಳುಗಳಲ್ಲಿ, ಅದರಲ್ಲೂ ಸೂರ್ಯ ಚಟುವಟಿಕೆಯಿಂದಿರುವ ವರ್ಷಗಳಲ್ಲಿ ಇದು ಹೇಗೆ ಹೆಚ್ಚುತ್ತದೆ, ಸೂರ್ಯ ಶಾಂತನಾಗಿರುವ ವರ್ಷಗಳ ಬೇಸಿಗೆಯಲ್ಲಿ ನಡುರಾತ್ರಿಯ ನಂತರ ಹೇಗೆ ಬೇರೆ ರೂಪ ತಾಳುತ್ತದೆ ಎಂಬುದನ್ನು ಅರಿಯಲು ನೆರವಾದವು. ಮುಂದೆ ಸಂಸ್ಥೆಯ ನಿರ್ದೇಶಕರೂ ಆದ ಎ. ಕೆ. ಪಾತ್ರ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಿಂದಲೇ ಈ 2.8 ಮೀಟರ್ ಕಲಕುಗಳ ಕುರಿತು ಪ್ರಕಟಿಸಿದ ಲೇಖನಗಳು ಈ ಶಾಖೆಯ ಓದಿಗೆ ಆಧಾರವಾಗಿವೆ.

ಇನ್ನೊಂದು ಸಂಗತಿಯೂ ಇಲ್ಲಿ ಹೇಳಬೇಕಾದದ್ದು. ಹಗಲಿನಲ್ಲಿ ಸುಮಾರು 150 ಕಿಲೋಮೀಟರ್ ಎತ್ತರದಿಂದ ಬರುವ ವಿಚಿತ್ರ ಮಾರ್ದನಿಗಳನ್ನು ಹಿಕಾಮಾರ್ಕದಲ್ಲಿ 1960ರ ದಶಕದಲ್ಲೇ ಗಮನಿಸಿದ್ದರು. ಅವು ಸಮಭಾಜಕದ ಗೆರೆಯಿಂದ ದೂರದಲ್ಲೂ ಇವೆ ಎಂಬುದನ್ನು 2004ರಲ್ಲಿ ಪ್ರಕಟವಾದ ಗಾದಂಕಿಯ ವೀಕ್ಷಣೆ ತೋರಿಸಿತು. ಈ ಮಾರ್ದನಿಗಳ ಹುಟ್ಟಿನ ಬಗ್ಗೆ ಅರ್ಧ ಶತಮಾನದ ಮೇಲೆ ಚರ್ಚೆ ನಡೆದಿದೆ. ಅದರಲ್ಲಿ ಗಾದಂಕಿಯ ದತ್ತಾಂಶಕ್ಕೂ ಪಾಲಿದೆ.

ರೇಡಾರಿನಿಂದ ಪ್ರಯೋಗಾಲಯಕ್ಕೆ

ಒಂದು ದೊಡ್ಡ ಯಂತ್ರದ ಸುತ್ತ ಬೆಳೆದ ಕೇಂದ್ರ ಬರಬರುತ್ತ ಸಂಸ್ಥೆಯಾಯಿತು. ಸುಮಾರು 30ರಿಂದ 60 ಕಿಲೋಮೀಟರ್ ನಡುವಿನ ಎತ್ತರದಿಂದ ಈ ರೇಡಾರಿಗೆ ಮಾರ್ದನಿ ಸಿಗುವುದಿಲ್ಲ. ಆ ಕಂದಕವನ್ನು ತುಂಬಲು 1998ರಲ್ಲಿ ಜಪಾನಿನ ಸಂಪರ್ಕ ಸಂಶೋಧನಾ ಪ್ರಯೋಗಾಲಯದ ಸಹಯೋಗದಿಂದ ಲೇಸರ್ ಬೆಳಕು ಬಳಸುವ ಲೈಡಾರ್ ಬಂತು. ನೆಲಕ್ಕೆ ಹತ್ತಿರದ ಗಾಳಿಗೆಂದು ಬೇರೆ ರೇಡಾರ್ ಬಂತು. 2005ರ ಸೆಪ್ಟೆಂಬರ್ 22ರಂದು ಕೇಂದ್ರಕ್ಕೆ ಈಗಿನ ಹೆಸರು ಬಂದು, ಅದರ ಕಾರ್ಯಕ್ಷೇತ್ರ ವಾಯುಮಂಡಲದ ಎಲ್ಲ ಪದರಗಳಿಗೆ ವಿಸ್ತರಿಸಿತು. ಅಯಾನುಗೋಳದ ಕಲಕುಗಳನ್ನು ಪೂರ್ವದಿಂದ ಪಶ್ಚಿಮದವರೆಗೆ ಅಗಲವಾಗಿ ನೋಡಲು 30 ಮೆಗಾಹರ್ಟ್ಸಿನ ಪ್ರತ್ಯೇಕ ರೇಡಾರನ್ನೂ ಕಟ್ಟಿದರು. ಒಂದೇ ಕಿರಣದಲ್ಲಿ ನೋಡುವಾಗ ಪ್ಲೂಮ್ ಇಲ್ಲಿಯೇ ಹುಟ್ಟಿತೋ, ಬೇರೆಡೆ ಹುಟ್ಟಿ ತೇಲಿಬಂತೋ ತಿಳಿಯುವುದಿಲ್ಲ. ಅಗಲ ನೋಟ ಆ ಗೊಂದಲವನ್ನು ಬಗೆಹರಿಸಿತು.

ಹಳೆಯ ರೇಡಾರೂ ಹೊಸದಾಯಿತು. ನಿರ್ವಾತ ನಳಿಗೆಗಳ 32 ದೊಡ್ಡ ಪ್ರಸಾರಕಗಳ ಜಾಗದಲ್ಲಿ ಪ್ರತಿ ಆಂಟೆನಾಕ್ಕೂ ಒಂದರಂತೆ ತಲಾ 1 ಕಿಲೋವ್ಯಾಟಿನ 1,024 ಅರೆವಾಹಕ ಘಟಕಗಳು ಬಂದವು. ಕಿರಣವನ್ನು ಬೇಕಾದ ಕಡೆಗೆ ಕ್ಷಣಮಾತ್ರದಲ್ಲಿ ತಿರುಗಿಸುವುದು ಸಾಧ್ಯವಾಯಿತು. ಒಂದೆರಡು ಘಟಕ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. 1992ರಲ್ಲಿ ನಮ್ಮವರೇ ಕಟ್ಟಿದ್ದಕ್ಕೇ ಇದು ಸಾಧ್ಯವಾದದ್ದು. ಯಂತ್ರದ ಒಳಗುಟ್ಟು ತಿಳಿದವರು ಅದನ್ನು ಬಿಚ್ಚಿ ಮತ್ತೆ ಕಟ್ಟಲೂ ಬಲ್ಲರು.

ಸಂಸ್ಥೆಯ ಇನ್ನೊಂದು ಗುಣ ಅದರ ಬಾಗಿಲು ತೆರೆದಿರುವುದು. ಮೊದಲಿನಿಂದಲೂ ಇದು ರಾಷ್ಟ್ರೀಯ ಸೌಲಭ್ಯ. ವಿಶ್ವವಿದ್ಯಾಲಯಗಳ ಸಂಶೋಧಕರು ತಮ್ಮ ಪ್ರಯೋಗದ ಪ್ರಸ್ತಾವ ಕೊಟ್ಟು ರೇಡಾರಿನ ಸಮಯ ಪಡೆದಿದ್ದಾರೆ. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಯುಜಿಸಿ ನೆರವಿನಿಂದ ಎಂಎಸ್‌ಟಿ ರೇಡಾರ್ ಬಳಕೆಗೆಂದೇ ಕೇಂದ್ರ ತೆರೆಯಿತು. ಸ್ವಂತವಾಗಿ ಇಂಥ ಉಪಕರಣವನ್ನು ಕನಸಲ್ಲೂ ಕೊಳ್ಳಲಾಗದ ವಿಭಾಗಗಳ ವಿದ್ಯಾರ್ಥಿಗಳು ಇದರ ದತ್ತಾಂಶದಿಂದ ಪಿಎಚ್‌.ಡಿ. ಪಡೆದರು.

ಈ ಅರಿವಿನ ಉಪಯೋಗ

ಅಯಾನುಗೋಳ ಕದಡಿದರೆ ನಮಗೇನು ಎಂದು ಕೇಳುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ವಿಮಾನಗಳಿಗೆ ಜಿಪಿಎಸ್ ಸ್ಥಾನವನ್ನು ಇನ್ನಷ್ಟು ನಿಖರವಾಗಿ ತಿಳಿಸುವ ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಕುಂದಲಹಳ್ಳಿಯಲ್ಲಿ. ಉಪಗ್ರಹದಿಂದ ಬರುವ ಸಂಕೇತ ಅಯಾನುಗೋಳವನ್ನು ಹಾದು ಬರುವಾಗ ಎಲೆಕ್ಟ್ರಾನುಗಳ ದಟ್ಟಣೆಗೆ ತಕ್ಕಂತೆ ತಡವಾಗುತ್ತದೆ. ಆ ತಡವನ್ನು ಸರಿಯಾಗಿ ಲೆಕ್ಕ ಹಾಕದಿದ್ದರೆ ವಿಮಾನದ ಸ್ಥಾನ ತಪ್ಪುತ್ತದೆ. ಅಮೆರಿಕ, ಯುರೋಪುಗಳ ಇಂಥ ವ್ಯವಸ್ಥೆಗಳಿಗೆ ಹೋಲಿಸಿದರೆ ಆಪಲ್‌ಟನ್ ವೈಪರೀತ್ಯದ ಅಡಿಯಲ್ಲಿರುವ ನಮಗೆ ಈ ಲೆಕ್ಕ ಹೆಚ್ಚು ಕಷ್ಟ. ಹೀಗಾಗಿ ಗಗನ್‌ಗಾಗಿ ದೇಶದುದ್ದಕ್ಕೂ ಜಿಪಿಎಸ್ ಗ್ರಾಹಕಗಳನ್ನಿಟ್ಟು ಅಳೆದು, ಭಾರತಕ್ಕೆ ಒಗ್ಗುವ ಅಯಾನುಗೋಳದ ಮಾದರಿಯನ್ನು ಬೇರೆಯಾಗಿ ರೂಪಿಸಬೇಕಾಯಿತು. 2013ರ ಡಿಸೆಂಬರಿನಲ್ಲಿ ಅದಕ್ಕೆ ಮೊದಲ ಹಂತದ ಪ್ರಮಾಣಪತ್ರ ಸಿಕ್ಕಿತು. 2015ರ ಏಪ್ರಿಲ್‌ನಲ್ಲಿ ವಿಮಾನ ಇಳಿಯಲು ನೆರವಾಗುವ ಹಂತದ್ದೂ ಬಂತು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಿಂದ ನಡೆಯುವ ನಮ್ಮದೇ ಉಪಗ್ರಹ ಸ್ಥಾನನಿರ್ದೇಶನ ವ್ಯವಸ್ಥೆ ‘ನಾವಿಕ್’ ಒಂದಕ್ಕಿಂತ ಹೆಚ್ಚು ಕಂಪನಾಂಕಗಳನ್ನು ಬಳಸುವುದಕ್ಕೆ ಒಂದು ಮುಖ್ಯ ಕಾರಣ ಇದೇ ಅಯಾನುಗೋಳದ ತಡ.

ಸರಾಸರಿ ತಡವನ್ನು ಮಾದರಿಯಿಂದ ಸರಿಪಡಿಸಬಹುದು. ಆದರೆ ಪ್ಲೂಮುಗಳು ಎದ್ದ ರಾತ್ರಿ ಸಂಕೇತ ಮಿನುಗತೊಡಗುತ್ತದೆ, ಕೆಲವೊಮ್ಮೆ ಗ್ರಾಹಕದ ಹಿಡಿತವೇ ತಪ್ಪುತ್ತದೆ. ಅಂಥ ರಾತ್ರಿಯನ್ನು ಮುಂಚೆಯೇ ಹೇಳಬಲ್ಲೆವಾದರೆ ಎಚ್ಚರಿಕೆ ಕೊಡಬಹುದು. ಗಾದಂಕಿಯ ಮೂರು ದಶಕಗಳ ದಾಖಲೆಯ ಬೆಲೆ ಇಲ್ಲಿದೆ. ಸೂರ್ಯನ ಚಟುವಟಿಕೆಯ ಒಂದು ಚಕ್ರಕ್ಕೆ ಸುಮಾರು 11 ವರ್ಷ. ಒಂದು ಚಕ್ರ ನೋಡಿ ನಿಯಮ ಹೇಳಲಾಗದು, ಎರಡು ಮೂರು ಚಕ್ರಗಳನ್ನು ಒಂದೇ ಜಾಗದಿಂದ ನೋಡಬೇಕು. ಅಂಥ ತಾಳ್ಮೆಯ ವೀಕ್ಷಣೆಗೆ ಸುದ್ದಿಯ ಮೆರುಗು ಇರುವುದಿಲ್ಲ. ರಾಕೆಟ್ ಹಾರಿದ ದಿನ ದೇಶವೇ ಚಪ್ಪಾಳೆ ತಟ್ಟುತ್ತದೆ, ರೇಡಾರ್ ರಾತ್ರಿಯಿಡೀ ಓಡಿದ್ದಕ್ಕೆ ಯಾರೂ ತಟ್ಟುವುದಿಲ್ಲ. ಆದರೂ ಆರು ಇಲಾಖೆಗಳು ಕೂಡಿ ಕಟ್ಟಿದ್ದನ್ನು ನಡುದಾರಿಯಲ್ಲಿ ಕೈಬಿಡದೆ, ಕಾಲಕ್ಕೆ ತಕ್ಕಂತೆ ಹೊಸದು ಮಾಡಿ ನಡೆಸಿಕೊಂಡು ಬಂದಿರುವುದು ನಮ್ಮ ಸಾರ್ವಜನಿಕ ವಿಜ್ಞಾನದ ದೊಡ್ಡ ಸಾಧನೆ.

ನಮ್ಮ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಬೆಂಗಳೂರಿನಿಂದ ಒಂದು ಹಗಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಜಗತ್ತು ಗೌರವಿಸುವ ಉಪಕರಣವಿದೆ. ಅದರ ದತ್ತಾಂಶ ಸಂಶೋಧನೆಗೆ ಸಿಗುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಅದರ ಪರಿಚಯ ಮಾಡಿಕೊಡಿ, ಪ್ರಾಜೆಕ್ಟುಗಳಿಗೆ ಅಲ್ಲಿಂದ ಪ್ರಶ್ನೆಗಳನ್ನು ಆರಿಸಿಕೊಳ್ಳಿ. ತಿರುಪತಿಯ ದಾರಿ ಬಲ್ಲ ನಮ್ಮ ಮಕ್ಕಳಲ್ಲಿ ಕೆಲವರಾದರೂ ಗಾದಂಕಿಯಲ್ಲಿ ಇಳಿದು ಕೆಲಸ ಮಾಡುವಂತಾಗಲಿ.